ಎರಡನೆಯ ಡ್ರೈವಿನ ಇತಿವೃತ್ತ

1990ರ ದಶಕದ ಉತ್ತರಾರ್ಧದಲ್ಲಿ ನಮ್ಮ ನಾಡಿನ ಮನೆಗಳಿಗೂ ಕಚೇರಿಗಳಿಗೂ ಬಂದು ನೆಲೆಸಿದ ಬೂದುಬಣ್ಣದ ಕಂಪ್ಯೂಟರ್ ಕ್ಯಾಬಿನೆಟ್ಟುಗಳನ್ನು ಕಂಡವರಿಗೆ, ಅವುಗಳ ಮುಂಭಾಗದಲ್ಲಿ ಸಿಡಿ ಡ್ರೈವಿನ ಕೆಳಗೆ, ಅದರಷ್ಟೇ ಅಗಲವೂ ಅದರಷ್ಟೇ ಎತ್ತರವೂ ಉಳ್ಳ ಒಂದೆರಡು ಪ್ಲಾಸ್ಟಿಕ್ ಮುಚ್ಚಳಗಳು ಇರುತ್ತಿದ್ದುದು ನೆನಪಿರಬಹುದು. ಅಂಥ ಮುಚ್ಚಳವೊಂದನ್ನು ಒಳಗಿನಿಂದ ಒತ್ತಿ ಕಳಚಿದರೆ ಅದರ ಹಿಂದೆ ಕಾಣುತ್ತಿದ್ದುದು ಬರಿಯ ಖಾಲಿ ಖಾನೆ. ಎರಡು ಪಕ್ಕಗಳಲ್ಲಿಯೂ ತಿರುಪುಮೊಳೆಗಳಿಗಾಗಿ ಕೊರೆದ ತೂತುಗಳು, ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ನಿಂದ ಇಳಿದು ಯಾವುದಕ್ಕೂ ಸೇರದೆ ಉಳಿದ ನಾಲ್ಕು ತಂತಿಗಳ ಒಂದು ಕನೆಕ್ಟರು, ಹಾಗೂ ನಡುವೆ ಕೆಲಸವಿಲ್ಲದ ಒಂದು ಕೊಂಡಿಯನ್ನು ಧರಿಸಿ ಜೋಲುತ್ತಿರುವ ಅಗಲವಾದ ಡೇಟಾ ಕೇಬಲ್. ಯಂತ್ರವನ್ನು ನಿರ್ಮಿಸಿದವನಿಗೆ ಅದನ್ನು ಕೊಳ್ಳುವವನು ಯಾರೆಂಬುದಾಗಲಿ, ಅವನಿಗೆ ಮುಂದೆ ಏನು ಬೇಕಾದೀತೆಂಬುದಾಗಲಿ ತಿಳಿದಿರಲಿಲ್ಲ. ತಿಳಿಯದಿದ್ದರೂ ಆ ಮುಂದಿನ ಅಗತ್ಯಕ್ಕೆ ಎಡೆಮಾಡಿ ಇಟ್ಟಿದ್ದನು. ಅಪರಿಚಿತನ ಕೈಗೆ ತನ್ನ ಒಡಲನ್ನು ತೆರೆದಿಟ್ಟ ಈ ಔದಾರ್ಯವು ಒಬ್ಬ ವ್ಯಕ್ತಿಯ ಅಥವಾ ಒಂದು ಸಂಸ್ಥೆಯ ಸಂಕಲ್ಪದಿಂದ ಬಂದುದಲ್ಲ. ಪರಸ್ಪರ ಸ್ಪರ್ಧಿಗಳಾಗಿದ್ದ ಅನೇಕರು, ಕೆಲವೊಮ್ಮೆ ಮನಸ್ಸಿದ್ದು, ಕೆಲವೊಮ್ಮೆ ಅನಿವಾರ್ಯಕ್ಕೆ ಕಟ್ಟುಬಿದ್ದು, ಒಂದೊಂದಾಗಿ ಒಪ್ಪಿಕೊಂಡ ಅಳತೆಗಳ ಹಾಗೂ ನಿಯಮಗಳ ಫಲವದು. ಇದ್ದ ಸಿಡಿ ಡ್ರೈವಿನ ಜೊತೆಗೆ ಇನ್ನೊಂದನ್ನು ಜೋಡಿಸುವುದೆಂಬ, ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಒಂದು ಸಣ್ಣ ಕೆಲಸದ ಹಿಂದೆ ಆ ಒಪ್ಪಂದಗಳೆಲ್ಲವೂ ನಿಂತಿದ್ದವು.

ಮೊದಲಿಗೆ ಖಾನೆಯ ಅಳತೆಯನ್ನೇ ನೋಡಬಹುದು. ಸಿಡಿಯ ವ್ಯಾಸ 12 ಸೆಂಟಿಮೀಟರು. ಅದನ್ನು ತಿರುಗಿಸುವ ಡ್ರೈವು ಸುಮಾರು 14.6 ಸೆಂಟಿಮೀಟರು ಅಗಲವಾಗಿಯೇ ಇರಬೇಕೆಂಬುದಕ್ಕೆ ಸಿಡಿಯಲ್ಲಿ ಯಾವ ಕಾರಣವೂ ಇಲ್ಲ. ಕಾರಣವನ್ನು ಹುಡುಕಬೇಕಾದರೆ ಸಿಡಿ ಹುಟ್ಟುವುದಕ್ಕೂ ಹಿಂದಕ್ಕೆ ಹೋಗಬೇಕು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿದ್ದ ಶುಗಾರ್ಟ್ ಅಸೋಸಿಯೇಟ್ಸ್ ಎಂಬ ಸಂಸ್ಥೆಯು 1976ರಲ್ಲಿ, ಅದುವರೆಗೆ ಬಳಕೆಯಲ್ಲಿದ್ದ ಎಂಟು ಇಂಚಿನ ಫ್ಲಾಪಿಯು ಮೇಜಿನ ಮೇಲಿಡುವ ಯಂತ್ರಗಳಿಗೆ ದೊಡ್ಡದಾಯಿತೆಂದು, ಐದೂಕಾಲು ಇಂಚಿನ ಫ್ಲಾಪಿ ಡ್ರೈವನ್ನು ಮಾರುಕಟ್ಟೆಗೆ ತಂದಿತು. ಆ ಡ್ರೈವಿನ ಅಗಲವನ್ನು ಇತರ ತಯಾರಕರು ಅನುಸರಿಸಿದರು. 1981ರಲ್ಲಿ ಬಂದ ಐಬಿಎಂ ಪಿಸಿಯು ತನ್ನ ಮುಂಭಾಗದಲ್ಲಿ ಅದೇ ಅಳತೆಯ ಖಾನೆಗಳನ್ನು ಇರಿಸಿಕೊಂಡಿತು. ಅದನ್ನು ಅನುಕರಿಸಿದ ನೂರಾರು ಸಂಸ್ಥೆಗಳ ಯಂತ್ರಗಳಲ್ಲಿಯೂ ಅದೇ ಅಳತೆ ನಿಂತಿತು. ಮುಂದೆ ಅರ್ಧ ಎತ್ತರದ ಡ್ರೈವುಗಳು ಬಂದಾಗ ಒಂದು ಖಾನೆಯ ಎಡೆಯಲ್ಲಿ ಎರಡು ಕುಳಿತುಕೊಳ್ಳುವಂತಾಯಿತು. ಆಮೇಲೆ ಮೂರೂವರೆ ಇಂಚಿನ ಗಟ್ಟಿಕವಚದ ಫ್ಲಾಪಿ ಪ್ರಚಾರಕ್ಕೆ ಬಂದು ದೊಡ್ಡ ಫ್ಲಾಪಿಯು ಹಿಂದೆ ಸರಿಯತೊಡಗಿದಾಗ ಆ ಖಾನೆಗಳು ಬರಿದಾದವು. ಸಿಡಿ ಡ್ರೈವಿನ ತಯಾರಕರು ತಮಗೆಂದು ಹೊಸ ಜಾಗವನ್ನು ಬೇಡಲಿಲ್ಲ. ಅಳಿಯುತ್ತಿದ್ದ ಒಂದು ಸಾಧನವು ಬಿಟ್ಟುಹೋದ ಸ್ಥಳಕ್ಕೆ ತಮ್ಮ ಯಂತ್ರದ ಮೈಯನ್ನು ಹೊಂದಿಸಿಕೊಂಡರು.

ಸಿಡಿಯ ಕಥೆಯು ಬಹಳ ಮಂದಿಗೆ ತಿಳಿದದ್ದೇ ಆದುದರಿಂದ ಅದನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಹಾಲೆಂಡಿನ ಫಿಲಿಪ್ಸ್ ಮತ್ತು ಜಪಾನಿನ ಸೋನಿ ಸಂಸ್ಥೆಗಳು 1980ರಲ್ಲಿ ಸಂಗೀತದ ಸಿಡಿಯ ಲಕ್ಷಣಗಳನ್ನು ಕೂಡಿ ನಿರ್ಣಯಿಸಿದವು. 1982ರ ಅಕ್ಟೋಬರ್ ತಿಂಗಳಲ್ಲಿ ಸೋನಿಯ ಸಿಡಿ ಪ್ಲೇಯರು ಜಪಾನಿನಲ್ಲಿ ಮಾರಾಟಕ್ಕೆ ಬಂದಿತು. ಒಳಗಿನಿಂದ ಹೊರಕ್ಕೆ ಸುರುಳಿಸುತ್ತಿಕೊಂಡು ಹೋಗುವ, ಬಿಡಿಸಿದರೆ ಐದು ಕಿಲೋಮೀಟರಿಗೂ ಮಿಗಿಲಾಗುವ ಆ ಒಂದೇ ರೇಖೆಯ ಮೇಲೆ ಸ್ವರಕ್ಕೆ ಬದಲಾಗಿ ಅಕ್ಷರವನ್ನೂ ಚಿತ್ರವನ್ನೂ ಬರೆಯಬಹುದೆಂಬುದು ಬೇಗನೆ ಹೊಳೆಯಿತು. ಆದರೆ ಒಬ್ಬರು ಬರೆದುದನ್ನು ಇನ್ನೊಬ್ಬರ ಯಂತ್ರ ಓದಬೇಕಲ್ಲ! ಕಡತಗಳನ್ನು ಸಿಡಿಯಲ್ಲಿ ಯಾವ ಕ್ರಮದಿಂದ ಜೋಡಿಸಬೇಕೆಂಬುದನ್ನು ನಿಶ್ಚಯಿಸಲು 1985ರಲ್ಲಿ ಹಲವು ಸಂಸ್ಥೆಗಳ ಪ್ರತಿನಿಧಿಗಳು ತಾಹೋ ಸರೋವರದ ಬಳಿಯ ಹೈ ಸಿಯೆರಾ ಎಂಬ ಹೋಟೆಲಿನಲ್ಲಿ ಸಭೆ ಸೇರಿದರು. ಅವರು ರೂಪಿಸಿದ ಕ್ರಮವೇ ಸ್ವಲ್ಪ ತಿದ್ದುಪಡಿಯೊಂದಿಗೆ 1988ರಲ್ಲಿ ಐಎಸ್‌ಒ 9660 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಆ ಕಾರಣದಿಂದ, ಎಲ್ಲಿಯೋ ಬರೆದ ಸಿಡಿಯೊಂದನ್ನು ಇನ್ನೆಲ್ಲಿಯೋ, ಬೇರೆಯೇ ವಂಶದ ಕಂಪ್ಯೂಟರಿನಲ್ಲಿ ತೆರೆಯುವುದು ಸಾಧ್ಯವಾಯಿತು.

ತಟ್ಟೆಯ ವಿಷಯದಲ್ಲಿ ಒಮ್ಮತ ಮೂಡಿದರೂ ಡ್ರೈವನ್ನು ಕಂಪ್ಯೂಟರಿಗೆ ಜೋಡಿಸುವ ವಿಷಯದಲ್ಲಿ ಮಾತ್ರ ಬಹುಕಾಲ ಅರಾಜಕತೆಯೇ ಇದ್ದಿತು. ಮಿತ್ಸುಮಿಯ ಡ್ರೈವಿಗೆ ಮಿತ್ಸುಮಿಯ ಸಂಪರ್ಕ, ಸೋನಿಯ ಡ್ರೈವಿಗೆ ಸೋನಿಯದು, ಪ್ಯಾನಸಾನಿಕ್ಕಿಗೆ ಅದರದೇ ಒಂದು. 1990ರ ದಶಕದ ಮೊದಲ ವರ್ಷಗಳಲ್ಲಿ ಸಿಡಿ ಡ್ರೈವನ್ನು ಕೊಂಡವರಲ್ಲಿ ಅನೇಕರು ಅದನ್ನು ಸೌಂಡ್ ಕಾರ್ಡಿನ ಸಂಗಡವೇ ಕೊಂಡರು. ಏಕೆಂದರೆ ಡ್ರೈವಿನ ಡೇಟಾ ಕೇಬಲ್ಲು ಮದರ್‌ಬೋರ್ಡಿಗೆ ಹೋಗದೆ ಸೌಂಡ್ ಕಾರ್ಡಿನ ಬೆನ್ನಿಗೆ ಸೇರುತ್ತಿತ್ತು. ಸಿಂಗಪುರದ ಕ್ರಿಯೇಟಿವ್ ಸಂಸ್ಥೆಯ ಸೌಂಡ್ ಬ್ಲಾಸ್ಟರ್ ಕಾರ್ಡುಗಳ ಒಂದು ಬಗೆಯಲ್ಲಿ ಈ ಮೂರು ತಯಾರಕರ ಡ್ರೈವುಗಳಿಗೂ ಮೂರು ಪ್ರತ್ಯೇಕ ಕನೆಕ್ಟರುಗಳನ್ನು ಸಾಲಾಗಿ ಕೂರಿಸಿದ್ದರು. ನೋಡುವುದಕ್ಕೆ ಹೆಚ್ಚುಕಡಿಮೆ ಒಂದೇ ಬಗೆಯಾಗಿದ್ದ ಆ ಮೂರರಲ್ಲಿ ಯಾವುದು ಯಾರದೆಂಬುದನ್ನು ಪುಸ್ತಕ ನೋಡಿಯೇ ತಿಳಿಯಬೇಕಾಗಿತ್ತು. ಅಂಥ ವ್ಯವಸ್ಥೆಯಲ್ಲಿ ಒಂದು ಡ್ರೈವು ಕೆಲಸಮಾಡುವುದೇ ಒಂದು ಸಿದ್ಧಿ. ಎರಡನೆಯದನ್ನು ಬೇರೊಬ್ಬ ತಯಾರಕರಿಂದ ಕೊಂಡು ತಂದು ಜೋಡಿಸುವುದು ಸಾಮಾನ್ಯರಿಗೆ ದುಸ್ಸಾಧ್ಯವೇ ಆಗಿತ್ತು. ಸ್ಕಸಿ ಎಂಬ, ಏಳು ಸಾಧನಗಳನ್ನು ಒಂದೇ ಸರಣಿಯಲ್ಲಿ ನಡೆಸಬಲ್ಲ ಉತ್ತಮ ಕ್ರಮವೊಂದು ಆಗಲೇ ಇದ್ದಿತಾದರೂ ಅದರ ಕಾರ್ಡಿಗೂ ಕೇಬಲ್ಲಿಗೂ ತೆರಬೇಕಾಗಿದ್ದ ಬೆಲೆಯು ಗೃಹಸ್ಥರ ಕೈಗೆ ಎಟಕುವಂತಿರಲಿಲ್ಲ.

ಬಿಕ್ಕಟ್ಟನ್ನು ಬಿಡಿಸಿದ ಸಾಧನವು ಸಿಡಿಗಾಗಿ ಹುಟ್ಟಿದುದಾಗಿರಲಿಲ್ಲವೆಂಬುದು ಈ ಇತಿಹಾಸದಲ್ಲಿ ನನಗೆ ಅತ್ಯಂತ ರಮಣೀಯವಾಗಿ ಕಾಣುವ ಅಂಶ. 1980ರ ದಶಕದ ಮಧ್ಯದಲ್ಲಿ ಕಾಂಪ್ಯಾಕ್, ವೆಸ್ಟರ್ನ್ ಡಿಜಿಟಲ್ ಮತ್ತು ಕಂಟ್ರೋಲ್ ಡೇಟಾ ಎಂಬ ಮೂರು ಅಮೆರಿಕನ್ ಸಂಸ್ಥೆಗಳು ಕೂಡಿ, ಹಾರ್ಡ್ ಡಿಸ್ಕನ್ನು ನಿಯಂತ್ರಿಸುವ ಮಂಡಲವನ್ನು ಪ್ರತ್ಯೇಕ ಕಾರ್ಡಿನಿಂದ ತೆಗೆದು ಡಿಸ್ಕಿನ ಮೈಗೇ ಅಂಟಿಸಿ, ಕಂಪ್ಯೂಟರಿಗೂ ಡಿಸ್ಕಿಗೂ ನಡುವೆ ನಲವತ್ತು ತಂತಿಗಳ ಒಂದು ಸರಳವಾದ ಕೇಬಲನ್ನು ಎಳೆದವು. ಐಡಿಇ ಎಂದು ಪೇಟೆಯಲ್ಲಿ ಹೆಸರಾದ ಈ ಕ್ರಮವು ಅಗ್ಗವಾಗಿತ್ತು; ಅಗ್ಗವಾದುದರಿಂದ ಹರಡಿತು; ಹರಡಿದ ಮೇಲೆ 1994ರಲ್ಲಿ ಎಟಿಎ ಎಂಬ ಹೆಸರಿನಿಂದ ಅಮೆರಿಕದ ರಾಷ್ಟ್ರೀಯ ಮಾನಕವಾಯಿತು. ಅದು ಹಾರ್ಡ್ ಡಿಸ್ಕನ್ನು ಮಾತ್ರ ಬಲ್ಲ ಭಾಷೆಯಾಗಿತ್ತು. ಇಷ್ಟನೆಯ ಭಾಗವನ್ನು ಓದು, ಇಷ್ಟನೆಯ ಭಾಗದಲ್ಲಿ ಬರೆ ಎಂಬಷ್ಟನ್ನು ಹೇಳುವುದಕ್ಕೆ ಅದರಲ್ಲಿ ಆಜ್ಞೆಗಳಿದ್ದವು; ಟ್ರೇಯನ್ನು ಹೊರಚಾಚು, ಒಳಗೆ ತಟ್ಟೆ ಇದೆಯೇ ನೋಡು, ಮೂರನೆಯ ಹಾಡನ್ನು ನುಡಿಸು ಎಂಬ ಮಾತುಗಳಿಗೆ ಅದರಲ್ಲಿ ಪದವೇ ಇರಲಿಲ್ಲ. ತಂತಿಯನ್ನೂ ಕನೆಕ್ಟರನ್ನೂ ಬದಲಿಸದೆ ಈ ಕೊರತೆಯನ್ನು ತುಂಬಿದ ಉಪಾಯಕ್ಕೆ ಎಟಾಪಿ ಎಂದು ಹೆಸರು. ಸ್ಕಸಿಯ ಭಾಷೆಯಲ್ಲಿ ಸಿಡಿಗೆ ಬೇಕಾದ ಆಜ್ಞೆಗಳು ಆಗಲೇ ಸಿದ್ಧವಾಗಿದ್ದವಷ್ಟೆ. ಅಂಥ ಆಜ್ಞೆಯನ್ನು ಹನ್ನೆರಡು ಬೈಟುಗಳ ಪೊಟ್ಟಣವಾಗಿ ಕಟ್ಟಿ, ಅಂಚೆಯವನು ಒಳಗಿನ ಒಕ್ಕಣೆಯನ್ನು ಓದದೆಯೇ ಲಕೋಟೆಯನ್ನು ವಿಳಾಸಕ್ಕೆ ಮುಟ್ಟಿಸುವಂತೆ, ಹಳೆಯ ಐಡಿಇ ಕೇಬಲ್ಲಿನ ಮೂಲಕ ಡ್ರೈವಿಗೆ ತಲಪಿಸುವುದು ಆ ಉಪಾಯ. ಅದೇ ಕಾಲಕ್ಕೆ ವೆಸ್ಟರ್ನ್ ಡಿಜಿಟಲ್ ಪ್ರಚುರಪಡಿಸಿದ ವಿಸ್ತೃತ ಐಡಿಇ ಕ್ರಮದಲ್ಲಿ ಒಂದಕ್ಕೆ ಬದಲಾಗಿ ಎರಡು ಕೇಬಲ್ಲುಗಳಿಗೆ ಅವಕಾಶವಾಯಿತು. ಒಂದೊಂದು ಕೇಬಲ್ಲಿಗೂ ಎರಡು ಸಾಧನಗಳಂತೆ ಒಟ್ಟು ನಾಲ್ಕು. ಹಾರ್ಡ್ ಡಿಸ್ಕಿಗೊಂದು, ಸಿಡಿ ಡ್ರೈವಿಗೊಂದು ಹೋದರೂ ಎರಡು ಸ್ಥಾನಗಳು ಮಿಕ್ಕವು.

ಒಂದೇ ಕೇಬಲ್ಲಿನಲ್ಲಿ ಎರಡು ಡ್ರೈವುಗಳು ಹೇಗೆ ಇರಬಲ್ಲವು? ಕಂಪ್ಯೂಟರು ಕಳುಹಿಸುವ ಪ್ರತಿಯೊಂದು ಸಂಕೇತವೂ ಎರಡಕ್ಕೂ ಏಕಕಾಲದಲ್ಲಿ ಮುಟ್ಟುತ್ತದೆ. ಇದು ನಿನಗೆ, ಇದು ಅವನಿಗೆ ಎಂದು ಬೇರ್ಪಡಿಸುವುದು ಸಂಕೇತದಲ್ಲಿ ಅಡಗಿದ ಒಂದೇ ಒಂದು ಅಂಕೆ. ಅದು ಸೊನ್ನೆಯಾದರೆ ಮಾಸ್ಟರ್ ಎನಿಸಿದ ಡ್ರೈವೂ, ಒಂದಾದರೆ ಸ್ಲೇವ್ ಎನಿಸಿದ ಡ್ರೈವೂ ಉತ್ತರಿಸಬೇಕು, ಮತ್ತೊಂದು ಮೌನವಾಗಿರಬೇಕು. ಹೆಸರುಗಳಲ್ಲಿ ತೋರುವ ಒಡೆತನ ಅಧೀನತೆಗಳು ಕೆಲಸದಲ್ಲಿ ಏನೂ ಇರಲಿಲ್ಲ. ಆದರೆ ತಾನು ಯಾವುದೆಂಬುದು ಡ್ರೈವಿಗೆ ತನ್ನಷ್ಟಕ್ಕೆ ತಿಳಿಯದು, ಜೋಡಿಸುವವನೇ ತಿಳಿಸಬೇಕು. ತಿಳಿಸುವ ಸಾಧನವೇ ಜಂಪರ್.

ಡ್ರೈವಿನ ಹಿಂಭಾಗವನ್ನು ಬೆಳಕಿಗೆ ಹಿಡಿದು ನೋಡಿದವರು ಈ ವಸ್ತುವನ್ನು ಬಲ್ಲರು. ಬಲತುದಿಯಲ್ಲಿ ವಿದ್ಯುತ್ತಿನ ನಾಲ್ಕು ದಪ್ಪ ಕಡ್ಡಿಗಳು. ಅದರ ಎಡಕ್ಕೆ ಡೇಟಾ ಕೇಬಲ್ಲಿಗಾಗಿ ಎರಡು ಸಾಲುಗಳಲ್ಲಿ ನಿಂತ ಸೂಕ್ಷ್ಮವಾದ ಪಿನ್ನುಗಳು. ಅದಕ್ಕೂ ಎಡಕ್ಕೆ ಮೂರು ಜೊತೆ ಪಿನ್ನುಗಳು, ಅವುಗಳ ಮೇಲೆ ತಗಡಿನಲ್ಲಿ ಒತ್ತಿದ ಅಥವಾ ಚೀಟಿಯಲ್ಲಿ ಅಚ್ಚಾದ ಸಿಎಸ್, ಎಸ್‌ಎಲ್, ಎಂಎ ಎಂಬ ಸಂಕ್ಷೇಪಗಳು. ಎಡಗೊನೆಯಲ್ಲಿ ಸೌಂಡ್ ಕಾರ್ಡಿಗೆ ಹೋಗುವ ತೆಳುವಾದ ಆಡಿಯೊ ತಂತಿಯ ಸ್ಥಾನ. ಜಂಪರೆಂಬುದು ಜೀರಿಗೆಯ ಕಾಳಿಗಿಂತ ಸ್ವಲ್ಪವೇ ದೊಡ್ಡದಾದ ಒಂದು ಪ್ಲಾಸ್ಟಿಕ್ ಟೋಪಿ. ಒಳಗೆ ಲೋಹದ ಒಂದು ತುಣುಕು. ಅದನ್ನು ಯಾವ ಜೊತೆಯ ಮೇಲೆ ಕೂರಿಸಿದರೆ ಆ ಎರಡು ಪಿನ್ನುಗಳು ಕೂಡಿಕೊಂಡು ಡ್ರೈವಿಗೆ ಅದರ ಸ್ಥಾನವನ್ನು ತಿಳಿಸುತ್ತವೆ. ಬೆರಳಿನಲ್ಲಿ ಹಿಡಿಯಲು ಬಾರದ ಅದನ್ನು ಚಿಮಟದಿಂದ ಕಿತ್ತು ಪಕ್ಕದ ಜೊತೆಗೆ ತೊಡಿಸುವುದು, ಕೈ ತಪ್ಪಿ ಕ್ಯಾಬಿನೆಟ್ಟಿನೊಳಕ್ಕೆ ಬಿದ್ದರೆ ಇಡೀ ಪೆಟ್ಟಿಗೆಯನ್ನು ಮಗುಚಿ ಅಲ್ಲಾಡಿಸುವುದು, ಇವೆಲ್ಲ ಕಂಪ್ಯೂಟರ್ ಜೋಡಿಸುವ ವೃತ್ತಿಯ ನಿತ್ಯಕರ್ಮಗಳು. ಕೇಬಲ್ಲಿನ ಒಂದು ಅಂಚಿನಲ್ಲಿ ಓಡುವ ಕೆಂಪುಗೆರೆಯು ಮೊದಲನೆಯ ತಂತಿಯ ಗುರುತು. ಆ ಕೆಂಪು ಯಾವಾಗಲೂ ವಿದ್ಯುತ್ ಕನೆಕ್ಟರಿನ ಪಕ್ಕಕ್ಕೆ ಬರಬೇಕೆಂಬುದು ಗುರುವಿಲ್ಲದೆ ಕಲಿತವರಿಗೂ ಕಂಠಸ್ಥವಾಗಿದ್ದ ಸೂತ್ರ. ವಿದ್ಯುತ್ತಿನ ಕನೆಕ್ಟರಿನಲ್ಲಿ ಹಳದಿ ತಂತಿಗೆ ಹನ್ನೆರಡು ವೋಲ್ಟು, ಕೆಂಪಿಗೆ ಐದು, ನಡುವಣ ಕಪ್ಪು ಎರಡೂ ಭೂಮಿ. ಅದನ್ನು ತಿರುಗುಮುರುಗಾಗಿ ಹಾಕದಂತೆ ಎರಡು ಮೂಲೆಗಳನ್ನು ಸವರಿದ್ದರು. ಆದರೂ ಬಿಗಿಯಾಗಿ ಕುಳಿತ ಆ ಕನೆಕ್ಟರನ್ನು ಬಿಡಿಸಿಕೊಳ್ಳುವಾಗ ತಗಡಿನ ಅಂಚಿಗೆ ಬೆರಳು ಕೊಯ್ದುಕೊಳ್ಳದವರು ವಿರಳ.

ಜಂಪರಿನ ತಪ್ಪಿಗೆ ಫಲವು ಕೂಡಲೇ ಕಾಣುತ್ತಿತ್ತು. ಎರಡು ಡ್ರೈವುಗಳಿಗೂ ಮಾಸ್ಟರೆಂದೇ ಹೇಳಿದರೆ ಎರಡೂ ಒಟ್ಟಿಗೆ ಉತ್ತರಿಸಿ ಯಾವುದೂ ತಿಳಿಯದಂತಾಗುವುದು; ಎರಡಕ್ಕೂ ಸ್ಲೇವೆಂದರೆ ಮಾಸ್ಟರನ್ನು ಕರೆದಾಗ ಓಗೊಡುವವರಿಲ್ಲ. ಕಂಪ್ಯೂಟರು ಎಚ್ಚರಗೊಳ್ಳುವಾಗ ಪರದೆಯ ಮೇಲೆ ನಾಲ್ಕು ಸ್ಥಾನಗಳನ್ನೂ ಒಂದೊಂದಾಗಿ ವಿಚಾರಿಸಿ, ಸಿಕ್ಕಿದ ಡ್ರೈವಿನ ಹೆಸರನ್ನು ಬರೆಯುತ್ತಿತ್ತು. ಎರಡನೆಯ ಡ್ರೈವಿನ ಹೆಸರು ಅಲ್ಲಿ ಮೂಡುವವರೆಗೆ ಜೋಡಿಸಿದವನು ಉಸಿರುಕಟ್ಟಿ ನಿಲ್ಲುತ್ತಿದ್ದನು. “ಅಣ್ಣ, ಡಿಟೆಕ್ಟ್ ಆಗ್ತಾನೇ ಇಲ್ಲ” ಎಂದು ಮರುದಿನ ಅಂಗಡಿಗೆ ಬಂದವನಿಗೆ, “ಜಂಪರ್ ಎಲ್ಲಿ ಹಾಕಿದೀರಿ ಸಾರ್?” ಎಂಬುದೇ ಮೊದಲನೆಯ ಪ್ರಶ್ನೆ. ಆಡಿಯೊ ತಂತಿಯದು ಇನ್ನೊಂದು ಗೊಂದಲ. ಆ ಕಾಲದ ಡ್ರೈವುಗಳು ಹಾಡಿನ ಸಿಡಿಯ ಧ್ವನಿಯನ್ನು ಡೇಟಾ ಕೇಬಲ್ಲಿನಿಂದ ಕಳುಹಿಸದೆ ಬೇರೊಂದು ಸಣ್ಣ ತಂತಿಯಿಂದ ಸೌಂಡ್ ಕಾರ್ಡಿಗೆ ನೇರವಾಗಿ ಒಯ್ಯುತ್ತಿದ್ದವು. ಅಂಥ ತಂತಿ ಯಂತ್ರದಲ್ಲಿ ಸಾಮಾನ್ಯವಾಗಿ ಒಂದೇ ಇರುತ್ತಿದ್ದುದರಿಂದ, ಹೊಸದಾಗಿ ಬಂದ ಡ್ರೈವು ಕಡತಗಳನ್ನೆಲ್ಲ ಸರಿಯಾಗಿ ಓದಿ, ಹಾಡನ್ನು ಹಾಕಿದಾಗ ಮಾತ್ರ ತಟ್ಟೆಯನ್ನು ತಿರುಗಿಸುತ್ತ ಮೂಕವಾಗಿ ಇರುತ್ತಿತ್ತು. ಕೆಟ್ಟ ಡ್ರೈವೆಂದು ಹಿಂದಿರುಗಿಸಲು ತಂದವುಗಳಲ್ಲಿ ಎಷ್ಟೋ ಡ್ರೈವುಗಳಿಗೆ ಯಾವ ದೋಷವೂ ಇರಲಿಲ್ಲ.

ಇಷ್ಟೆಲ್ಲ ಪ್ರಯಾಸಪಟ್ಟು ಎರಡನೆಯ ಡ್ರೈವನ್ನು ಜನರು ಏತಕ್ಕಾಗಿ ಬಯಸಿದರು? ಓದುವುದಕ್ಕೆ ಒಂದು ಸಾಕಾಗಿತ್ತು. ಬಯಕೆಯು ಹುಟ್ಟಿದುದು ಬರೆಯಬಲ್ಲ ಸಿಡಿಯಿಂದ. ಜಪಾನಿನ ತಾಯೊ ಯೂಡೆನ್ ಎಂಬ ಸಂಸ್ಥೆಯು 1988ರಲ್ಲಿ, ಲೇಸರಿನ ತಾಪಕ್ಕೆ ಗುರುತು ತಳೆಯುವ ವರ್ಣದ್ರವ್ಯವನ್ನು ಲೇಪಿಸಿದ ಸಿಡಿಯನ್ನು ಸಿದ್ಧಪಡಿಸಿತು. ಅದರ ಮೇಲೆ ಬರೆಯುವ ಯಂತ್ರಗಳು ಆರಂಭದಲ್ಲಿ ಸಂಸ್ಥೆಗಳಿಗೆ ಮಾತ್ರ ಸಲ್ಲುವ ಬೆಲೆಯವಾಗಿದ್ದವು. 1995ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯ ಒಂದು ರೈಟರು ಸಾವಿರ ಡಾಲರಿಗಿಂತ ಕಡಮೆ ಬೆಲೆಗೆ ಬಂದುದೇ ಆಗ ದೊಡ್ಡ ಸುದ್ದಿ. ಅಲ್ಲಿಂದ ಕೆಲವೇ ವರ್ಷಗಳಲ್ಲಿ ಬೆಲೆಯು ಕುಸಿದು ರೈಟರು ಮಧ್ಯಮವರ್ಗದ ಯಂತ್ರಕ್ಕೂ ಇಳಿಯಿತು. ಮೂಲ ಸಿಡಿಯು ಒಂದು ಡ್ರೈವಿನಲ್ಲಿ, ಬರಿಯ ಸಿಡಿಯು ಇನ್ನೊಂದರಲ್ಲಿ. ಅದರಿಂದ ಇದಕ್ಕೆ ನೇರವಾಗಿ ಪ್ರತಿ. ಒಂದೇ ಡ್ರೈವಿದ್ದವನು 650 ಮೆಗಾಬೈಟನ್ನು ಮೊದಲು ಹಾರ್ಡ್ ಡಿಸ್ಕಿಗೆ ಇಳಿಸಿ ಆಮೇಲೆ ಬರೆಯಬೇಕಾಗಿತ್ತು. ಹಾರ್ಡ್ ಡಿಸ್ಕಿನ ಒಟ್ಟು ಅವಕಾಶವೇ ನಾಲ್ಕು ಗಿಗಾಬೈಟಿನಷ್ಟಿದ್ದ ದಿನಗಳಲ್ಲಿ ಅಷ್ಟು ಜಾಗವನ್ನು ತೆರವು ಮಾಡುವುದು ಸುಲಭವಾಗಿರಲಿಲ್ಲ. ಅಲ್ಲದೆ ಬೆಲೆಬಾಳುವ ರೈಟರಿನ ಲೇಸರನ್ನು ದಿನನಿತ್ಯದ ಓದಿಗೆ ಸವೆಸಬಾರದೆಂಬ ವಿವೇಕವೂ ಇತ್ತು. ಹೀಗೆ ಹಳೆಯ ಡ್ರೈವು ಓದುವುದಕ್ಕೆ ಉಳಿಯಿತು, ರೈಟರು ಅದರ ಕೆಳಗಿನ ಖಾನೆಗೆ ಬಂದಿತು.

ನಮ್ಮ ದೇಶದಲ್ಲಿ ಈ ಬಯಕೆಗೆ ಇನ್ನೊಂದು ಬಲವಾದ ಕಾರಣವಿತ್ತು. ದೂರವಾಣಿಯ ತಂತಿಯಲ್ಲಿ ಬರುತ್ತಿದ್ದ ಅಂತರಜಾಲದ ವೇಗವು ಅತ್ಯುತ್ತಮ ಸ್ಥಿತಿಯಲ್ಲಿ ಸೆಕೆಂಡಿಗೆ 56 ಕಿಲೋಬಿಟ್. ಅದೇ ವೇಗವು ಒಂದು ಕ್ಷಣವೂ ಕುಂದದೆ ನಡೆಯಿತೆಂದರೂ ಒಂದು ಸಿಡಿಯ 700 ಮೆಗಾಬೈಟನ್ನು ಇಳಿಸಿಕೊಳ್ಳುವುದಕ್ಕೆ 29 ಗಂಟೆಗಳು ಬೇಕು. ಅಷ್ಟು ಹೊತ್ತು ದೂರವಾಣಿಯ ಮೀಟರು ಓಡುತ್ತಲೇ ಇರುವುದು. ಆದಕಾರಣ ತಂತ್ರಾಂಶವು ಊರಿಂದೂರಿಗೆ ಸಂಚರಿಸಿದುದು ಸಿಡಿಯ ರೂಪದಲ್ಲಿ, ಕೈಯಿಂದ ಕೈಗೆ. ಪಿಸಿ ಕ್ವೆಸ್ಟ್ ಪತ್ರಿಕೆಯು ತನ್ನ ಸಂಚಿಕೆಯ ಜೊತೆಗಿಟ್ಟ ಸಿಡಿಯಲ್ಲಿ ಲಿನಕ್ಸನ್ನು ಕಳುಹಿಸಿದಾಗ, ಅದನ್ನು ಕೊಂಡವನೊಬ್ಬನಾದರೆ ಅದರ ಪ್ರತಿಯನ್ನು ಪಡೆದವರು ಅವನ ಕಾಲೇಜಿನ ಗೆಳೆಯರ ಬಳಗವೇ ಆಗುತ್ತಿತ್ತು. ಹಂಚಿಕೊಳ್ಳುವುದಕ್ಕೆಂದೇ ಬರೆದ ಆ ತಂತ್ರಾಂಶದ ವಿಷಯದಲ್ಲಿ ಅದು ನ್ಯಾಯವೇ ಆಗಿತ್ತು. ಎಲ್ಲ ಪ್ರತಿಗಳೂ ಹಾಗೆ ನ್ಯಾಯವಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಹಾಡುಗಳೂ ಸಿನಿಮಾಗಳೂ ಬೆಲೆಬಾಳುವ ತಂತ್ರಾಂಶಗಳೂ ಒಡೆಯರ ಅನುಮತಿಯಿಲ್ಲದೆ ಇದೇ ಎರಡು ಡ್ರೈವುಗಳ ನಡುವೆ ಹರಿದುಹೋದವು. ಅದರಿಂದ ಕಲಾವಿದರಿಗೂ ಪ್ರಕಾಶಕರಿಗೂ ಆದ ನಷ್ಟವು ನಿಜವಾದುದು.

ಸಣ್ಣ ಊರುಗಳಲ್ಲಿ ಎರಡನೆಯ ಡ್ರೈವಿಗೆ ಆಶ್ರಯಕೊಟ್ಟದ್ದು ಫೋಟೋ ಸ್ಟುಡಿಯೊ. ಮದುವೆಯ ವಿಡಿಯೊವು ವಿಎಚ್‌ಎಸ್ ಕ್ಯಾಸೆಟ್ಟಿನಿಂದ ವಿಸಿಡಿಗೆ ಬದಲಾದ ಆ ವರ್ಷಗಳಲ್ಲಿ, ಧಾರೆಯಿಂದ ಬೀಗರ ಔತಣದವರೆಗಿನ ದೃಶ್ಯಗಳು ಒಂದು ತಟ್ಟೆಗೆ ಸುಮಾರು ಒಂದೂಕಾಲು ಗಂಟೆಯಂತೆ ಎರಡು ಮೂರು ತಟ್ಟೆಗಳಾಗಿ, ಗಂಡಿನ ಮನೆಗೊಂದು ಹೆಣ್ಣಿನ ಮನೆಗೊಂದು ಸೋದರಮಾವನಿಗೊಂದು ಎಂದು ಪ್ರತಿಗೊಂಡು, ವಧೂವರರ ಚಿತ್ರವನ್ನು ಅಂಟಿಸಿದ ಡಬ್ಬಿಗಳಲ್ಲಿ ಮನೆಮನೆಗೆ ಹೋದವು. ಬರಿಯ ಸಿಡಿಗಳನ್ನು ಈ ದೇಶದಲ್ಲಿಯೇ ತಯಾರಿಸಿ ಅಗ್ಗಮಾಡಿದ ಶ್ರೇಯಸ್ಸು ನೋಯ್ಡಾದ ಮೋಸರ್ ಬೇರ್ ಸಂಸ್ಥೆಗೆ ಬಹುಮಟ್ಟಿಗೆ ಸಲ್ಲುತ್ತದೆ. 1999ರಲ್ಲಿ ಆ ಉತ್ಪಾದನೆಗೆ ಇಳಿದ ಅದು ಕೆಲವೇ ವರ್ಷಗಳಲ್ಲಿ ಜಗತ್ತಿನ ಅಗ್ರಗಣ್ಯ ತಯಾರಕರಲ್ಲಿ ಒಂದಾಯಿತು.

ಬೆಂಗಳೂರಿನಲ್ಲಿ ಕಂಪ್ಯೂಟರ್ ಬಿಡಿಭಾಗಗಳ ವ್ಯಾಪಾರದ ಕೇಂದ್ರವು ಎಸ್. ಪಿ. ರೋಡು. ಪುರಭವನಕ್ಕೆ ಸಮೀಪದಲ್ಲಿ, ಹಳೆಯ ಪೇಟೆಯ ಅಂಚಿನಲ್ಲಿ, ಒಂದು ಅಂಗಡಿಯ ಹೆಗಲಿಗೆ ಇನ್ನೊಂದು ಅಂಗಡಿಯ ಹೆಗಲು ತಾಗಿದಂತೆ ನಿಂತ ಆ ಇಕ್ಕಟ್ಟಾದ ಬೀದಿಯಲ್ಲಿ, ಕಂಪನಿಯ ಹೆಸರಿಲ್ಲದ ಅಸೆಂಬಲ್ಡ್ ಕಂಪ್ಯೂಟರು ಗಿರಾಕಿಯ ಕಣ್ಣೆದುರಿನಲ್ಲಿಯೇ ಹುಟ್ಟುತ್ತಿತ್ತು. ದೆಹಲಿಗೆ ನೆಹರೂ ಪ್ಲೇಸ್, ಮುಂಬಯಿಗೆ ಲ್ಯಾಮಿಂಗ್ಟನ್ ರೋಡು, ಚೆನ್ನೈಗೆ ರಿಚಿ ಸ್ಟ್ರೀಟು ಹೇಗೋ ನಮಗೆ ಇದು ಹಾಗೆ. 1997ರಲ್ಲಿ ಭಾರತವು ಮಾಹಿತಿ ತಂತ್ರಜ್ಞಾನದ ಸರಕುಗಳ ಅಂತರರಾಷ್ಟ್ರೀಯ ಒಪ್ಪಂದವನ್ನು ಸೇರಿ, ಅವುಗಳ ಮೇಲಿನ ಆಮದು ಸುಂಕವನ್ನು ಕ್ರಮಕ್ರಮವಾಗಿ ಇಳಿಸುತ್ತ ಬಂದುದರಿಂದ ಬಿಡಿಭಾಗಗಳು ಅಗ್ಗವಾಗುತ್ತ ಹೋದವು. ಬಿಡಿಭಾಗ ಅಗ್ಗವಾದಷ್ಟೂ ಅವುಗಳನ್ನು ಕೂಡಿಸಬಲ್ಲ ಕೈಗೆ ಬೆಲೆ ಬಂದಿತು. ಆ ಕೈಗಳು ಬಹುಪಾಲು ಎಂಜಿನಿಯರಿಂಗ್ ಪದವೀಧರರದಲ್ಲ. ಐಟಿಐ ಅಥವಾ ಡಿಪ್ಲೊಮಾ ಮುಗಿಸಿ, ಕೆಲವರು ಅದನ್ನೂ ಮುಗಿಸದೆ, ಅಂಗಡಿಯಲ್ಲಿ ನಿಂತು ನೋಡಿ ಕಲಿತ ತರುಣರು ಅವರು. ತೈವಾನಿನ ಮದರ್‌ಬೋರ್ಡಿಗೆ ಕೊರಿಯದ ಡ್ರೈವನ್ನು, ಅದಕ್ಕೆ ಯಾರು ಮಾಡಿದರೆಂದೇ ತಿಳಿಯದ ಕೇಬಲನ್ನು ಅವರು ನಿಶ್ಚಿಂತೆಯಿಂದ ಜೋಡಿಸಿಕೊಟ್ಟರು. ಆ ನಿಶ್ಚಿಂತೆಗೆ ಆಧಾರವು ಹಿಂದೆ ಹೇಳಿದ ಮಾನಕಗಳು. ಯಾವುದೋ ಸಮಿತಿಯ ಕೊಠಡಿಯಲ್ಲಿ ನಲವತ್ತು ಪಿನ್ನುಗಳಿಗೆ ನಲವತ್ತು ಅರ್ಥಗಳನ್ನು ಗೊತ್ತುಮಾಡಿದವರು ತಮ್ಮ ಒಪ್ಪಂದದಿಂದ ಇಂಥ ಸಾವಿರಾರು ಮಂದಿಗೆ ಜೀವನೋಪಾಯವನ್ನು ಒದಗಿಸಿದರೆಂಬುದು ಅವರ ಕಲ್ಪನೆಗೂ ಬಂದಿರಲಾರದು; ನನ್ನ ಎಣಿಕೆಯಲ್ಲಿ ಆ ಮಾನಕದ ಅತಿದೊಡ್ಡ ಸಾಧನೆಯು ಇದೇ.

ಎರಡನೆಯ ಡ್ರೈವನ್ನು ಯಾವ ಕೇಬಲ್ಲಿಗೆ ಹಾಕಬೇಕೆಂಬ ವಿಷಯದಲ್ಲಿ ಅಂಗಡಿಯ ಆ ತರುಣರಲ್ಲಿ ಪಂಥಗಳೇ ಇದ್ದವು. ಒಂದು ಕೇಬಲ್ಲಿನ ಎರಡು ಸಾಧನಗಳಲ್ಲಿ ಒಂದು ಕೆಲಸದಲ್ಲಿರುವಾಗ ಮತ್ತೊಂದು ಕಾದಿರಬೇಕೆಂಬುದು ಐಡಿಇಯ ಹುಟ್ಟುಗುಣ. ಓದುವ ಡ್ರೈವೂ ಬರೆಯುವ ಡ್ರೈವೂ ಒಂದೇ ಕೇಬಲ್ಲಿನಲ್ಲಿದ್ದರೆ, ಓದಿ ತರುವವನೂ ಬರೆಯುವವನೂ ಸರದಿಯಿಂದ ನಡೆಯಬೇಕು. ರೈಟರಿಗಾದರೋ ನಿಲ್ಲಲು ಬಿಡುವಿಲ್ಲ. ಒಮ್ಮೆ ಬರೆಯತೊಡಗಿದರೆ ತಟ್ಟೆಯು ತಿರುಗುತ್ತಲೇ ಇರುವುದು, ಲೇಸರಿಗೆ ಬರೆಯಬೇಕಾದುದು ಒದಗುತ್ತಲೇ ಇರಬೇಕು. ಅದರ ಸಣ್ಣ ಸಂಗ್ರಹವು ಬರಿದಾಯಿತೆಂದರೆ ಬರಹವು ಅರ್ಧಕ್ಕೆ ಕಡಿದು ಸಿಡಿಯು ಶಾಶ್ವತವಾಗಿ ಹಾಳು. ಆದುದರಿಂದ ರೈಟರನ್ನು ಎರಡನೆಯ ಕೇಬಲ್ಲಿನ ಮಾಸ್ಟರನ್ನಾಗಿ ಮಾಡಿ, ಹಳೆಯ ಡ್ರೈವನ್ನು ಹಾರ್ಡ್ ಡಿಸ್ಕಿನ ಕೇಬಲ್ಲಿಗೆ ಸ್ಲೇವಾಗಿ ಕಳುಹಿಸಬೇಕೆಂದು ಒಂದು ಪಂಥ. ಹಾಗೆ ಮಾಡಿದರೆ ಮಂದಗತಿಯ ಡ್ರೈವಿನ ಸಹವಾಸದಿಂದ ಹಾರ್ಡ್ ಡಿಸ್ಕೂ ಮಂದವಾಗುವುದೆಂದು ಇನ್ನೊಂದು. ಹಳೆಯ ಚಿಪ್‌ಸೆಟ್ಟುಗಳಲ್ಲಿ ಎರಡನೆಯವರ ಮಾತಿನಲ್ಲಿ ಹುರುಳಿತ್ತು. ಎರಡು ಸಾಧನಗಳಿಗೂ ಪ್ರತ್ಯೇಕ ವೇಗವನ್ನು ಇರಿಸಿಕೊಳ್ಳಬಲ್ಲ ಚಿಪ್‌ಸೆಟ್ಟುಗಳು ಬಂದ ಮೇಲೆ ಅದು ಕಾರಣ ಕಳೆದುಕೊಂಡ ಆಚಾರವಾಗಿ ಉಳಿಯಿತು. 2000ದಲ್ಲಿ ಜಪಾನಿನ ಸಾನ್ಯೊ ಸಂಸ್ಥೆಯು, ಸಂಗ್ರಹವು ಬರಿದಾದಾಗ ಲೇಸರು ತಾನು ನಿಲ್ಲಿಸಿದ ಸ್ಥಳವನ್ನು ನೆನಪಿಟ್ಟು, ಮಾಹಿತಿ ಬಂದೊಡನೆ ಅಲ್ಲಿಂದಲೇ ಮುಂದುವರಿಸುವ ಬರ್ನ್‌ಪ್ರೂಫ್ ಎಂಬ ತಂತ್ರವನ್ನು ತಂದಿತು. ರೈಟರು ಓಡುತ್ತಿರುವಾಗ ಮೌಸನ್ನೂ ಮುಟ್ಟದೆ ಕೈಕಟ್ಟಿ ಕೂರುವ ಪದ್ಧತಿಯು ಅಂದಿನಿಂದ ಸಡಿಲವಾಯಿತು.

ಇದೇ ಕಾಲದಲ್ಲಿ ಕೇಬಲ್ಲೂ ಬದಲಾಯಿತು. ವೇಗ ಹೆಚ್ಚಿದಂತೆ ಪಕ್ಕಪಕ್ಕದ ತಂತಿಗಳ ಸಂಕೇತಗಳು ಒಂದನ್ನೊಂದು ಕಲುಷಿತಗೊಳಿಸತೊಡಗಿದುದರಿಂದ, ನಲವತ್ತು ತಂತಿಗಳ ನಡುವೆ ಇನ್ನೂ ನಲವತ್ತು ಭೂಮಿತಂತಿಗಳನ್ನು ಹೆಣೆದು ಎಂಬತ್ತು ತಂತಿಗಳ ಕೇಬಲನ್ನು ಮಾಡಿದರು. ತುದಿಯ ಕನೆಕ್ಟರು ಮಾತ್ರ ಹಿಂದಿನಂತೆ ನಲವತ್ತು ಪಿನ್ನಿನದೇ. ನೀಲಿಯ ತುದಿ ಮದರ್‌ಬೋರ್ಡಿಗೆ, ಕಪ್ಪು ತುದಿ ಮಾಸ್ಟರಿಗೆ, ನಡುವಣ ಬೂದು ಸ್ಲೇವಿಗೆ ಎಂದು ಬಣ್ಣದಿಂದಲೇ ಸ್ಥಾನವು ನಿರ್ಣಯವಾಯಿತು. ಜಂಪರನ್ನು ಸಿಎಸ್ ಎಂಬ ಜೊತೆಗೆ ಹಾಕಿದರೆ, ಇಪ್ಪತ್ತೆಂಟನೆಯ ಪಿನ್ನಿನ ಸ್ಥಿತಿಯನ್ನು ನೋಡಿ ಡ್ರೈವು ತಾನು ಯಾರೆಂಬುದನ್ನು ತಾನೇ ತಿಳಿದುಕೊಳ್ಳುತ್ತಿತ್ತು. ಆದರೂ ಅಂಗಡಿಯ ಹುಡುಗರು ಇದನ್ನು ಸುಲಭವಾಗಿ ನಂಬಲಿಲ್ಲ. ಹಳೆಯ ಕೇಬಲ್ಲೂ ಹೊಸ ಕೇಬಲ್ಲೂ ಒಂದೇ ಡಬ್ಬದಲ್ಲಿ ಬೆರೆತಿರುತ್ತಿದ್ದ ಕಡೆ, ಕೈಯಾರೆ ಮಾಸ್ಟರ್ ಸ್ಲೇವ್ ಎಂದು ಗೊತ್ತುಮಾಡುವುದೇ ಕ್ಷೇಮವೆಂಬ ಅವರ ಹಟವನ್ನು ತಪ್ಪೆನ್ನಲಾಗದು.

2003ರಲ್ಲಿ ಪ್ರಕಟವಾದ ಸಾಟಾ ಮಾನಕವು ಈ ಎಲ್ಲ ವಿದ್ಯೆಯನ್ನೂ ಅನಗತ್ಯಗೊಳಿಸಿತು. ಏಳು ವಾಹಕಗಳ ಕಿರಿದಾದ ಕೇಬಲ್ಲು, ಒಂದು ಕೇಬಲ್ಲಿಗೆ ಒಂದೇ ಡ್ರೈವು; ಮಾಸ್ಟರೂ ಇಲ್ಲ, ಸ್ಲೇವೂ ಇಲ್ಲ, ಜಂಪರಿನ ಗೊಡವೆಯೂ ಇಲ್ಲ. ಹಾರ್ಡ್ ಡಿಸ್ಕುಗಳು ಬೇಗನೆ ಸಾಟಾಗೆ ಸಾಗಿದವು. ಸಿಡಿ ಡಿವಿಡಿ ಡ್ರೈವುಗಳಿಗೆ ಆ ವೇಗದ ಅಗತ್ಯವಿರಲಿಲ್ಲವಾಗಿ ಅವು ಹಲವು ವರ್ಷ ಐಡಿಇಯಲ್ಲಿಯೇ ನಿಂತವು. ಮದರ್‌ಬೋರ್ಡುಗಳು ಅವುಗಳಿಗಾಗಿ ಕಾಯಲಿಲ್ಲ. ಇಂಟೆಲ್ಲಿನ ಚಿಪ್‌ಸೆಟ್ಟುಗಳಲ್ಲಿ 2004ರ ವೇಳೆಗೆ ಎರಡು ಐಡಿಇ ಕನೆಕ್ಟರುಗಳು ಒಂದಕ್ಕೆ ಇಳಿದವು. 2006ರಲ್ಲಿ ಬಂದ ಐಸಿಎಚ್8 ಎಂಬ ಚಿಪ್ಪಿನಲ್ಲಿ ಒಂದೂ ಉಳಿಯಲಿಲ್ಲ. ತಯಾರಕರು ಬೇರೆಯವರ ಸಣ್ಣ ಚಿಪ್ಪೊಂದನ್ನು ಸೇರಿಸಿ ಬೋರ್ಡಿನ ಅಂಚಿನಲ್ಲಿ ಒಂದು ಐಡಿಇ ಕನೆಕ್ಟರನ್ನು ಹೇಗೋ ಉಳಿಸಿಕೊಟ್ಟರು. ಎರಡನೆಯ ಡ್ರೈವನ್ನು ಜೋಡಿಸುವ ಕೆಲಸವು ಅತ್ಯಂತ ಕ್ಲಿಷ್ಟವಾದದ್ದು ಈ ಸಂಧಿಕಾಲದಲ್ಲಿ. ಹಾರ್ಡ್ ಡಿಸ್ಕು ಸಾಟಾ, ಹಳೆಯ ರೈಟರು ಐಡಿಇ, ಹೊಸ ಡಿವಿಡಿ ಡ್ರೈವು ಎರಡರಲ್ಲಿ ಯಾವುದೋ ಒಂದು. ಎಸ್‌ಎಂಪಿಎಸ್ಸಿನಲ್ಲಿ ಸಾಟಾಗೆ ಬೇಕಾದ ಹದಿನೈದು ಪಿನ್ನಿನ ವಿದ್ಯುತ್ ಕನೆಕ್ಟರು ಇಲ್ಲದೆ, ನಾಲ್ಕು ಪಿನ್ನಿನಿಂದ ಹದಿನೈದಕ್ಕೆ ಪರಿವರ್ತಿಸುವ ತುಂಡು ತಂತಿಗಾಗಿ ಮತ್ತೆ ಎಸ್. ಪಿ. ರೋಡಿಗೆ ಹೋಗಬೇಕಾಗುತ್ತಿತ್ತು. ಹತ್ತು ವರ್ಷಗಳ ಕಾಲ ಒಂದೇ ನಿಯಮಕ್ಕೆ ಒಗ್ಗಿದ್ದ ಕೈಗಳು ಎರಡು ನಿಯಮಗಳನ್ನು ಒಂದೇ ಪೆಟ್ಟಿಗೆಯಲ್ಲಿ ನಡೆಸಿದವು.

ಆಮೇಲಿನದು ಕ್ಷಿಪ್ರವಾದ ಇಳಿಕೆ. ಪೆನ್ ಡ್ರೈವೂ ಬ್ರಾಡ್‌ಬ್ಯಾಂಡೂ ಬಂದು ಸಿಡಿಯಲ್ಲಿ ಸಾಗಿಸಬೇಕಾದುದು ಕಡಮೆಯಾಯಿತು. ಬರೆಯುವ ಸಿಡಿಯನ್ನು ಹುಟ್ಟುಹಾಕಿದ ತಾಯೊ ಯೂಡೆನ್ 2015ರಲ್ಲಿ ಆ ಉದ್ಯಮದಿಂದ ನಿರ್ಗಮಿಸಿತು. ಮೋಸರ್ ಬೇರ್ 2018ರಲ್ಲಿ ಸಮಾಪನೆಗೆ ಒಳಪಟ್ಟಿತು. ಈಗ ಮಾರಾಟವಾಗುವ ಅನೇಕ ಕ್ಯಾಬಿನೆಟ್ಟುಗಳಲ್ಲಿ ಐದೂಕಾಲು ಇಂಚಿನ ಖಾನೆಯೇ ಇರುವುದಿಲ್ಲ. ಆ ಜಾಗದಲ್ಲಿ ಗಾಳಿ ಬೀಸುವ ಫ್ಯಾನುಗಳೂ ಗಾಜಿನ ಹಲಗೆಗಳೂ ಬಂದಿವೆ. ಮದುವೆಯ ಸಿಡಿಯನ್ನು ಪೆಟ್ಟಿಗೆಯಿಂದ ತೆಗೆದು ಮೊಮ್ಮಕ್ಕಳಿಗೆ ತೋರಿಸಬೇಕೆನ್ನುವವರು ಯುಎಸ್‌ಬಿ ಮೂಲಕ ಹೊರಗಿನಿಂದ ಸೇರಿಸುವ ತೆಳುವಾದ ಡ್ರೈವನ್ನು ಕೊಳ್ಳುತ್ತಾರೆ. ವರ್ಣದ್ರವ್ಯವು ಮಾಸಿ ತಟ್ಟೆಯು ಓದಲು ಬಾರದಂತಾಗುವ ಮೊದಲೇ ಅದನ್ನು ಬೇರೆಡೆಗೆ ಪ್ರತಿಮಾಡಿಕೊಳ್ಳುವುದು ಅಗತ್ಯವಾದುದರಿಂದ ಈ ಡ್ರೈವುಗಳಿಗೆ ಇನ್ನೂ ಕೆಲವು ಕಾಲ ಬೇಡಿಕೆ ಇರುವುದು. ಕೇಬಲ್ಲು, ಕನೆಕ್ಟರು, ಜಂಪರು, ಖಾನೆ ಎಲ್ಲವೂ ಹೋದ ಮೇಲೂ ಆ ಯುಗದ ಒಂದು ವಸ್ತುವು ಮಾತ್ರ ಕೆಲಸದಲ್ಲಿದೆ. ಸಾಟಾ ಡ್ರೈವಿಗಾಗಲಿ, ಯುಎಸ್‌ಬಿಯ ಡ್ರೈವಿಗಾಗಲಿ ಟ್ರೇಯನ್ನು ತೆರೆಯೆಂದೋ ತಟ್ಟೆಯನ್ನು ಓದೆಂದೋ ಕಂಪ್ಯೂಟರು ಇಂದು ಹೇಳುವಾಗಲೂ, 1990ರ ದಶಕದಲ್ಲಿ ನಲವತ್ತು ತಂತಿಗಳ ಕೇಬಲ್ಲಿಗೆ ಒಗ್ಗಿಸಿದ ಅದೇ ಸ್ಕಸಿ ಮೂಲದ ಆಜ್ಞೆಗಳಲ್ಲಿಯೇ ಹೇಳುತ್ತದೆ.